ಬಾಗಳಿಯ ಸಭಾಮಂಟಪವೂ ಜೀರ್ಣೋದ್ಧಾರದ ಹೊಣೆಯೂ

ಹೊಸ ಕಟ್ಟಡವೊಂದರ ಉದ್ಘಾಟನೆಗೆ ಊರಿಗೆ ಊರೇ ನೆರೆಯುತ್ತದೆ. ದಾನಿಗಳ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಗೋಡೆಗೆ ಕೂಡಿಸುತ್ತೇವೆ. ಆದರೆ ಮೂವತ್ತು ವರ್ಷಗಳ ನಂತರ ಅದೇ ಕಟ್ಟಡದ ಸೋರುವ ಚಾವಣಿಯನ್ನು ಸರಿಪಡಿಸಿದವರ ಹೆಸರನ್ನು ಯಾವ ಗೋಡೆಯೂ ಹೇಳುವುದಿಲ್ಲ. ಕಟ್ಟಿಸುವುದು ಪುಣ್ಯದ ಕೆಲಸ, ದುರಸ್ತಿ ಮಾಡಿಸುವುದು ಬರಿಯ ಖರ್ಚಿನ ಬಾಬತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನ ಜನ ಹೀಗೆ ಭಾವಿಸಿರಲಿಲ್ಲ. ಅದಕ್ಕೆ ಕಲ್ಲಿನ ಸಾಕ್ಷಿಗಳಿವೆ. ಅವುಗಳಲ್ಲಿ ಕೆಲವನ್ನು ನೋಡಲು ತಾವು ನನ್ನೊಡನೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳ ಸೀಮೆಗೆ ಬರಬೇಕು.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳೇ. ಹಂಪಿಯನ್ನು ನೋಡಲು ಬರುವ ಪ್ರವಾಸಿಗರು ಹೊಸಪೇಟೆಯಿಂದಲೇ ಹಿಂದಿರುಗುವುದರಿಂದ ಈ ಸೀಮೆ ಹೊರಗಿನವರಿಗೆ ಅಷ್ಟಾಗಿ ಪರಿಚಿತವಲ್ಲ. ಆದರೆ ಹಂಪಿಯ ಅರಸರಿಗಿಂತ ಮೂರು ಶತಮಾನಗಳಷ್ಟು ಮೊದಲೇ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಲ್ಲಿ ಶಿಲ್ಪಕಲೆ ಉನ್ನತಿಗೇರಿತ್ತು. ಹರಪನಹಳ್ಳಿಗೆ ಸಮೀಪದ ಬಾಗಳಿ ಮತ್ತು ನೀಲಗುಂದ, ಹಡಗಲಿ ತಾಲ್ಲೂಕಿನ ಕುರುವತ್ತಿ, ಮಾಗಳ ಹಾಗೂ ಹಿರೇಹಡಗಲಿ, ಕೊಟ್ಟೂರಿನ ಕಡೆಯ ಅಂಬಳಿ, ಇವೆಲ್ಲ ಆ ಕಾಲದ ದೇವಾಲಯಗಳಿಗೆ ಹೆಸರಾದ ಊರುಗಳು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ ಪ್ರಾಚೀನ ಜೈನ ಬಸದಿಯಿದೆ. ಶಾಸನಗಳಲ್ಲಿ ಬರುವ ‘ಕೋಗಳಿ ಐನೂರು’ ಎಂಬ ಆಡಳಿತ ವಿಭಾಗಕ್ಕೆ ಆ ಊರೇ ಹೆಸರು ಕೊಟ್ಟಿತು. ಹೂವಿನ ಹಡಗಲಿಯ ಕೇಶವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1090ರಲ್ಲಿ, ರವಿದೇವನೆಂಬ ಅಧಿಕಾರಿಯ ಪತ್ನಿ ರೆಬ್ಬಲದೇವಿ ಕಟ್ಟಿಸಿದಳು.

ಈ ಕಟ್ಟಡಗಳ ವಾಸ್ತುಶಿಲ್ಪವನ್ನು ವಿಸ್ತಾರವಾಗಿ ಅಳೆದು, ನಕ್ಷೆ ಬರೆದು ಪ್ರಕಟಿಸಿದವರು ಮದ್ರಾಸ್ ಪ್ರಾಂತ್ಯದ ಪುರಾತತ್ವ ಸಮೀಕ್ಷೆಯಲ್ಲಿದ್ದ ಅಲೆಕ್ಸಾಂಡರ್ ರೀ. ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಅವರ ಗ್ರಂಥ 1896ರಲ್ಲಿ ಹೊರಬಂತು. ಮುಂದೆ ಈ ದೇವಾಲಯಗಳ ಸಂರಕ್ಷಣೆಗೆ ಕೈಹಾಕಿದವರಿಗೆ, ಯಾವ ಕಲ್ಲು ಎಲ್ಲಿತ್ತು ಎಂಬುದನ್ನು ತಿಳಿಯಲು, ಇಂತಹ ಹಳೆಯ ನಕ್ಷೆಗಳಿಗಿಂತ ದೊಡ್ಡ ಆಧಾರ ಬೇರೆ ಇಲ್ಲ.

ಇವುಗಳಲ್ಲಿ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ಮಾತ್ರ ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡೋಣ. ಇಲ್ಲಿನ ಶಾಸನಗಳಲ್ಲೊಂದು 987ರದು, ಎಂದರೆ ಕಲ್ಯಾಣದ ಚಾಲುಕ್ಯ ವಂಶದ ಸ್ಥಾಪಕನಾದ ಇಮ್ಮಡಿ ತೈಲಪನ ಕಾಲದ್ದು. ಗರ್ಭಗುಡಿ ಚಿಕ್ಕದು. ಅದರ ಮುಂದೆ ಒಂದು ಮುಚ್ಚಿದ ಮಂಟಪ. ಅದಕ್ಕೂ ಮುಂದೆ ವಿಶಾಲವಾದ ತೆರೆದ ಸಭಾಮಂಟಪ, ಅದರಲ್ಲಿ ಐವತ್ತು ಕಂಬಗಳು. ಬಳಪದ ಕಲ್ಲಿನ ಆ ಕಂಬಗಳ ಕಡೆತ, ಕೆತ್ತನೆಗಳನ್ನು ಬಣ್ಣಿಸಲು ಬೇರೊಂದು ಲೇಖನವೇ ಬೇಕಾದೀತು. ನಾವು ಇಲ್ಲಿ ಗಮನಿಸಬೇಕಾದುದು ಅಳತೆಯನ್ನು. ದೇವರಿಗೆಂದು ಕಟ್ಟಿದ ಜಾಗ ಕಿರಿದು, ಜನರಿಗೆಂದು ಕಟ್ಟಿದ ಜಾಗ ಹಿರಿದು. ಪೂಜೆಗೆ ಮಾತ್ರವಾಗಿದ್ದರೆ ಐವತ್ತು ಕಂಬಗಳ ಅಗತ್ಯವೇನಿತ್ತು?

ಅಂದಿನ ಊರುಗಳಲ್ಲಿ ಇಂತಹ ಮಂಟಪಗಳು ಜನ ಕೂಡುವ ಸ್ಥಳಗಳಾಗಿದ್ದವು. ದಾನದತ್ತಿಗಳನ್ನು ಹತ್ತು ಜನರ ಸಮ್ಮುಖದಲ್ಲಿ ಪ್ರಕಟಿಸುವುದು, ಪುರಾಣ ಕೇಳುವುದು, ಮಕ್ಕಳಿಗೆ ಪಾಠ ಹೇಳುವುದು, ನೃತ್ಯ ಸಂಗೀತಗಳ ಸೇವೆ, ದಾರಿಹೋಕರ ವಿಶ್ರಾಂತಿ, ಇವೆಲ್ಲಕ್ಕೂ ದೇವಾಲಯದ ಮಂಟಪಗಳೇ ಆಶ್ರಯ. ‘ಸಭೆ’ ಎಂಬ ಪದ ನಮಗೂ ಹೊಸದಲ್ಲ. ಕನ್ನಡ ಕ್ರೈಸ್ತರು ತಮ್ಮ ಸಮುದಾಯವನ್ನೇ ‘ಧರ್ಮಸಭೆ’ ಎಂದು ಕರೆದುಕೊಂಡಿದ್ದಾರೆ. ಅಲ್ಲಿಯೂ ಆ ಪದದ ಅರ್ಥ ಕಲ್ಲುಗಾರೆಯ ಕಟ್ಟಡವಲ್ಲ, ಒಂದೆಡೆ ಕೂಡಿದ ಜನ. ಕಟ್ಟಡಕ್ಕೆ ಬೆಲೆ ಬರುವುದು ಅದರೊಳಗೆ ಕೂಡುವವರಿಂದ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ಸಭೆಗಳಲ್ಲಿ ಎಲ್ಲರಿಗೂ ಸ್ಥಳವಿರಲಿಲ್ಲ. ಕಲ್ಲನ್ನು ಒಡೆದು, ಹೊತ್ತು, ಎತ್ತಿ ನಿಲ್ಲಿಸಿದ ಎಷ್ಟೋ ಕುಟುಂಬಗಳಿಗೆ ಆ ಮಂಟಪದ ನೆರಳು ಶತಮಾನಗಳ ಕಾಲ ದೊರೆಯಲಿಲ್ಲ. ಈ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1947ರ ದೇವಾಲಯ ಪ್ರವೇಶ ಕಾನೂನಿನ ಮೂಲಕ ಆ ಬಾಗಿಲು ಕಾನೂನಿನ ದೃಷ್ಟಿಯಲ್ಲಿ ತೆರೆಯಿತು. ಆದುದರಿಂದ ಹಳೆಯ ಸಭಾಭವನದ ಜೀರ್ಣೋದ್ಧಾರವೆಂದರೆ ಹಳೆಯ ಕಟ್ಟುಪಾಡುಗಳ ಜೀರ್ಣೋದ್ಧಾರವಲ್ಲ. ಕಲ್ಲು ಹಿಂದಿನದೇ ಇರಲಿ, ಅದರಡಿ ಕೂಡುವ ಸಭೆ ಹಿಂದಿಗಿಂತ ವಿಶಾಲವಾಗಿರಬೇಕು.

ಈಗ ನಾನು ಮೊದಲಿಗೆ ಹೇಳಿದ ಸಾಕ್ಷಿಗೆ ಬರೋಣ. ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ ಪದೇ ಪದೇ ಎದುರಾಗುವ ಒಂದು ನುಡಿಗಟ್ಟು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವುದು ಎಂದು ಇದರ ಅರ್ಥ. ದೇವಾಲಯಕ್ಕೆ ಭೂಮಿಯನ್ನೋ ಸುಂಕದ ಉತ್ಪನ್ನವನ್ನೋ ಬಿಟ್ಟುಕೊಡುವಾಗ, ಪೂಜೆಗೆ, ದೀಪಕ್ಕೆ, ಅನ್ನದಾನಕ್ಕೆ ಎಂದು ಬರೆಸಿದ ಸಾಲಿನಲ್ಲಿಯೇ ದುರಸ್ತಿಗೂ ಪಾಲನ್ನು ಬರೆಸಿಡುತ್ತಿದ್ದರು. ಕಟ್ಟಡ ಇನ್ನೂ ಹೊಸದಾಗಿರುವಾಗಲೇ ಅದು ಮುಂದೊಂದು ದಿನ ಬಿರುಕು ಬಿಡುವುದೆಂದು ಒಪ್ಪಿಕೊಂಡು, ಅದಕ್ಕೆ ಹಣದ ವ್ಯವಸ್ಥೆ ಮಾಡಿದ ವಿವೇಕ ಅವರದು. ಅಷ್ಟೇ ಅಲ್ಲ, ದಾನ ಕೊಡುವುದಕ್ಕಿಂತ ಹಿಂದಿನವರು ಕೊಟ್ಟ ದಾನವನ್ನು ಕಾಪಾಡುವುದೇ ಹೆಚ್ಚಿನದು ಎಂಬ ಅರ್ಥದ ಮಾತೂ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಹೊಣೆಯನ್ನು ಹೊರುತ್ತಿದ್ದವರು ಸ್ಥಳೀಯರು. ಊರ ಮಹಾಜನರು, ಸ್ಥಾನಾಚಾರ್ಯರು, ಗಾವುಂಡರು, ವರ್ತಕರ ಸಂಘಗಳು ಇದರ ಸಾಕ್ಷಿಗಳೂ ಕಾವಲುಗಾರರೂ ಆಗಿದ್ದರು.

ಹಾಗಾದರೆ ಆ ಹೊಣೆ ಊರಿನ ಕೈಯಿಂದ ಜಾರಿದ್ದು ಹೇಗೆ? ರಾಜ್ಯಗಳು ಅಳಿದವು, ಯುದ್ಧಗಳು ನಡೆದವು, ದತ್ತಿಯ ಭೂಮಿಗಳು ಕೈ ಬದಲಾಯಿಸಿದವು. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 1817ರಲ್ಲಿ ಮದ್ರಾಸ್ ಸರ್ಕಾರವು ತನ್ನ ಏಳನೆಯ ರೆಗ್ಯುಲೇಷನ್ ಮೂಲಕ ದೇವಾಲಯ, ಮಸೀದಿಗಳ ದತ್ತಿಗಳನ್ನೂ ಛತ್ರ, ಸೇತುವೆ ಮೊದಲಾದ ಸಾರ್ವಜನಿಕ ಕಟ್ಟಡಗಳ ದುರಸ್ತಿಯನ್ನೂ ಕಂದಾಯ ಮಂಡಳಿಯ ಮೇಲ್ವಿಚಾರಣೆಗೆ ಒಪ್ಪಿಸಿತು. ಹೀಗೆ ಊರಿನ ಹೊಣೆ ಕಚೇರಿಯ ಕಡತವಾಯಿತು. ಕ್ರೈಸ್ತ ಸರ್ಕಾರವೊಂದು ಅನ್ಯಧರ್ಮದ ದೇವಾಲಯಗಳನ್ನು ನಡೆಸಬಾರದೆಂದು ಇಂಗ್ಲೆಂಡಿನಲ್ಲಿಯೂ ಇಲ್ಲಿನ ಮಿಷನರಿಗಳಲ್ಲಿಯೂ ಒತ್ತಾಯ ಬೆಳೆದಾಗ ಕಂಪನಿ ಹಿಂದೆ ಸರಿಯಿತು. 1863ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ಆಡಳಿತ ಧರ್ಮದರ್ಶಿಗಳಿಗೂ ಸಮಿತಿಗಳಿಗೂ ಸೇರಿತು. ಆದರೆ ಈ ನಡುವೆ ಹೊಣೆ ಹೊರುವ ಹಳೆಯ ಸಂಸ್ಥೆಗಳು ಸೊರಗಿಹೋಗಿದ್ದವು. ಕೊನೆಗೆ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ, ಸ್ವಾತಂತ್ರ್ಯಾನಂತರ 1958ರ ಕಾಯ್ದೆ ಬಂದವು. ಬಾಗಳಿಯ ಕಲ್ಲೇಶ್ವರ ಇಂದು ಭಾರತೀಯ ಪುರಾತತ್ವ ಸಮೀಕ್ಷೆಯ ಸಂರಕ್ಷಣೆಯಲ್ಲಿರುವ ರಾಷ್ಟ್ರೀಯ ಮಹತ್ವದ ಸ್ಮಾರಕ. 2010ರ ತಿದ್ದುಪಡಿಯು ಇಂತಹ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಗಳನ್ನು ನಿಷೇಧಿಸಿತು.

ಈ ಕಾನೂನುಗಳನ್ನು ಹಳಿಯುವುದು ಕೃತಘ್ನತೆಯಾದೀತು. ಅವು ಇಲ್ಲದಿದ್ದರೆ ಎಷ್ಟು ಕಂಬಗಳು ಮನೆಗಳ ಅಡಿಪಾಯ ಸೇರುತ್ತಿದ್ದವೋ ಊಹಿಸಬಹುದು. ಆದರೂ ಒಂದು ಮಾತು ಉಳಿಯುತ್ತದೆ. ಸರ್ಕಾರ ಕಲ್ಲನ್ನು ಕಾಯಬಲ್ಲದು, ಅದರಡಿ ಕೂಡುವ ಸಭೆಯನ್ನು ಕಾಯಲಾರದು. ಇಲಾಖೆಯ ಫಲಕ ನೆಟ್ಟ ದಿನದಿಂದ ‘ಇದು ಸರ್ಕಾರದ್ದು’ ಎಂಬ ಭಾವನೆ ಬೆಳೆಯುತ್ತದೆ. ಪಟ್ಟಿಗೆ ಸೇರದ ಸಾವಿರಾರು ಚಾವಡಿ, ಛತ್ರ, ಮಂಟಪಗಳಿಗಂತೂ ಸರ್ಕಾರವೂ ಇಲ್ಲ, ಊರೂ ಇಲ್ಲ.

ಇದಕ್ಕೆ ಪ್ರತಿಯಾಗಿ, ಇದೇ ಸೀಮೆಯ ಉಜ್ಜಿನಿಯನ್ನು ನೋಡಿ. ಹಂಪಿಯನ್ನು ಹೊರಗಿನಿಂದ ನೋಡಬೇಕು, ಉಜ್ಜಿನಿಯನ್ನು ಒಳಗಿನಿಂದ ನೋಡಬೇಕು ಎಂಬ ಮಾತು ಈ ಭಾಗದಲ್ಲಿ ಪ್ರಸಿದ್ಧ. ಅಲ್ಲಿ ಪ್ರತಿವರ್ಷ ಜಾತ್ರೆಯ ಸಂದರ್ಭದಲ್ಲಿ ದೇವಾಲಯದ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ಜರಿಮಲೆಯ ಪಾಳೇಗಾರ ಮನೆತನದಿಂದ ತೈಲ ಬರುವ ವಾಡಿಕೆಯಿದೆ, ಭಕ್ತರೂ ತಂದು ಅರ್ಪಿಸುತ್ತಾರೆ. ಅದು ಧಾರ್ಮಿಕ ವಿಧಿ ಎಂಬುದು ನಿಜ. ಆದರೆ ವರ್ಷಕ್ಕೊಮ್ಮೆ ಜನರು ಶಿಖರದ ತುದಿಯವರೆಗೆ ಏರುವ ಕಟ್ಟಡವೊಂದರ ಬಿರುಕು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇರಲಾರದು. ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿಯೂ ಮಳೆಗಾಲಕ್ಕೆ ಮುನ್ನ ಚೌಳು ಮಣ್ಣನ್ನು ಹರಡಿ ಗಟ್ಟಿ ಮಾಡುವ ಪದ್ಧತಿಯಿತ್ತು. ಜೀರ್ಣೋದ್ಧಾರವೆಂಬುದು ನೂರು ವರ್ಷಗಳಿಗೊಮ್ಮೆ ಬರುವ ಮಹಾಕಾರ್ಯವಾಗಿರಲಿಲ್ಲ. ಅದು ವರ್ಷಾವಧಿಯ ರೂಢಿಯಾಗಿತ್ತು.

ಹಳೆಯ ಕಟ್ಟಡಗಳ ಮೊದಲ ಶತ್ರು ಹೆಚ್ಚಿನ ಸಂದರ್ಭಗಳಲ್ಲಿ ನೀರು. ಚಾವಣಿಯ ಸಂದಿಯಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆತು, ಬೇರು ಬಿಟ್ಟು, ಕಲ್ಲನ್ನು ಸರಿಸುತ್ತದೆ. ಆ ಸಂದಿಯಿಂದ ಮಳೆನೀರು ಇಳಿಯುತ್ತದೆ. ಎಳೆಯ ಸಸಿಯನ್ನು ಕೈಯಿಂದ ಕೀಳಬಹುದಾಗಿದ್ದ ಕೆಲಸ ಹತ್ತು ವರ್ಷಗಳಲ್ಲಿ ಲಕ್ಷಾಂತರ ರೂಪಾಯಿಗಳ ಕೆಲಸವಾಗುತ್ತದೆ. ಎರಡನೆಯ ಶತ್ರು ನಮ್ಮ ತಪ್ಪು ಪ್ರೀತಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆಯೇ ಪುಡಿಯಾಗುತ್ತದೆ. ಕೆತ್ತನೆಯ ಮೇಲೆ ವರ್ಷವರ್ಷವೂ ಬಣ್ಣ ಹಚ್ಚಿದರೆ ಶಿಲ್ಪಿಯ ಕೈಕೆಲಸ ದಪ್ಪ ಪದರದಡಿ ಹೂತುಹೋಗುತ್ತದೆ. ಆದ್ದರಿಂದಲೇ ಸಂರಕ್ಷಣೆಯನ್ನು ಬಲ್ಲವರು ಮೊದಲು ಅಳೆಯುತ್ತಾರೆ, ಚಿತ್ರ ತೆಗೆಯುತ್ತಾರೆ, ಕಾರಣ ಹುಡುಕುತ್ತಾರೆ. ಆಮೇಲೆ ಸಾಧ್ಯವಾದಷ್ಟು ಕಡಿಮೆ ಬದಲಿಸುತ್ತಾರೆ.

ನಮಗೆ ಹತ್ತಿರದ ಒಂದು ನಿದರ್ಶನ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ. ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೆನಿ ಅದರ ಗೋಡೆ, ಚಾವಣಿಗಳ ಮೇಲೆ ಬಿಡಿಸಿದ ಚಿತ್ರಗಳು ಕರಾವಳಿಯ ತೇವಕ್ಕೆ ಸಿಕ್ಕಿ ಮಾಸಿದ್ದವು. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ತಾಳ್ಮೆಯಿಂದ ಉಳಿಸಿಕೊಟ್ಟರು. ದೂರದ ನಿದರ್ಶನ ಪ್ಯಾರಿಸ್ಸಿನ ನೋತ್ರ್ ದಾಮ್ ಪ್ರಧಾನಾಲಯ. 2019ರ ಏಪ್ರಿಲ್ 15ರಂದು ಬೆಂಕಿಗೆ ಅದರ ಚಾವಣಿ ಬಿದ್ದಾಗ ಗಾಜು, ಉಕ್ಕಿನ ಹೊಸ ವಿನ್ಯಾಸಗಳ ಮಾತೂ ಕೇಳಿಬಂತು. ಕೊನೆಗೆ ಸುಮಾರು 2,000 ಓಕ್ ಮರಗಳನ್ನು ಬಳಸಿ ಹಿಂದಿನ ಕ್ರಮದಲ್ಲಿಯೇ ಚಾವಣಿಯನ್ನೂ ಗೋಪುರವನ್ನೂ ಎತ್ತಿದರು. 2024ರ ಡಿಸೆಂಬರಿನಲ್ಲಿ ಅದು ಮತ್ತೆ ತೆರೆದಾಗ ಅಲ್ಲಿ ಪೂಜೆ ಸಲ್ಲಿಸಲು ಜನರಿದ್ದರು. ಕರ್ನಾಟಕದಲ್ಲಿ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ 1991ರಿಂದ 200ಕ್ಕೂ ಹೆಚ್ಚು ಹಳೆಯ ದೇವಾಲಯಗಳನ್ನು ಉಳಿಸಿದೆ. ಅದರ ಕ್ರಮದಲ್ಲಿ ಸರ್ಕಾರ ಮತ್ತು ಟ್ರಸ್ಟಿನ ಹಣದ ಜೊತೆಗೆ ಊರಿನವರೂ ತಮ್ಮ ಪಾಲನ್ನು ಹಾಕುತ್ತಾರೆ. ಪಾಲು ಹಾಕಿದವನಿಗೆ ಮುಂದೆ ಆ ಕಟ್ಟಡದ ಮೇಲೆ ಕಣ್ಣಿರುತ್ತದೆ.

ತಮ್ಮ ಊರಿನಲ್ಲಿಯೂ ಹಳೆಯದೊಂದು ಚಾವಡಿ, ಶಾಲೆಯ ಹಜಾರ, ಚರ್ಚಿನ ಪಕ್ಕದ ಹೆಂಚಿನ ಸಭಾಗೃಹ ಇರಬಹುದು. ಅದನ್ನು ಕೆಡವಿ ಕಾಂಕ್ರೀಟಿನ ಭವನ ಕಟ್ಟುವ ಮಾತು ಬಂದಾಗ ತಾವು ಮೂರು ಪ್ರಶ್ನೆಗಳನ್ನು ಕೇಳಿರಿ. ಕಟ್ಟಡ ನಿಜವಾಗಿ ಶಿಥಿಲವಾಗಿದೆಯೇ ಅಥವಾ ಚಾವಣಿಯಷ್ಟೇ ಸೋರುತ್ತಿದೆಯೇ? ಬಲ್ಲವರೊಬ್ಬರು ಬಂದು ನೋಡಿದ್ದಾರೆಯೇ? ಹೊಸದನ್ನು ಕಟ್ಟಿದರೂ ಅದರ ದುರಸ್ತಿಗೆ ಹಣ ತೆಗೆದಿಟ್ಟಿದ್ದೇವೆಯೇ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಹೊಸ ಭವನವೂ ನಮ್ಮ ಮಕ್ಕಳ ಕಾಲಕ್ಕೆ ಕೆಡವಬೇಕಾದ ಇನ್ನೊಂದು ಹಳೆಯ ಕಟ್ಟಡವಾಗುತ್ತದೆ.

ಪ್ರತಿಯೊಂದು ಊರಿನ, ಪ್ರತಿಯೊಂದು ಧರ್ಮಕೇಂದ್ರದ ವಾರ್ಷಿಕ ಲೆಕ್ಕದಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಒಂದು ಸಾಲು ಇರಲಿ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಮಳೆಗಾಲಕ್ಕೆ ಮುನ್ನ ಒಂದು ದಿನ ಹಿರಿಯರೂ ಕಿರಿಯರೂ ಕೂಡಿ ಚಾವಣಿಯನ್ನು ನೋಡಲಿ, ಸಸಿ ಕೀಳಲಿ, ನೀರು ಹೋಗುವ ದಾರಿಯನ್ನು ತೆರವುಗೊಳಿಸಲಿ. ಆ ಕೆಲಸಕ್ಕೆ ನೆರೆದ ಜನರೇ ಒಂದು ಸಭೆ. ಬಾಗಳಿಯ ಐವತ್ತು ಕಂಬಗಳನ್ನು ನಿಲ್ಲಿಸಿದವರು ಬಯಸಿದ್ದೂ ಅಂತಹ ಸಭೆ ತಮ್ಮ ನಂತರವೂ ಮುಂದುವರಿಯಲೆಂದೇ.