ಮದರಾಸಿನ ಟ್ರಾಂ ಗಾಡಿ: ಪರಂಪರೆಯ ಆಯವ್ಯಯ ವಿಚಾರ

1953ನೆಯ ಇಸವಿ ಬಳ್ಳಾರಿಗೂ ಮದರಾಸಿಗೂ ಇದ್ದ ಆಡಳಿತ ಸಂಬಂಧವು ಕಡಿದುಹೋದ ವರ್ಷ. ಆ ಅಕ್ಟೋಬರ್ 1ರಂದು ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಜಿಲ್ಲೆಯ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಬಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಮದರಾಸಿನ ಟ್ರಾಂ ಗಾಡಿಗಳೂ ನಿಂತುಹೋದುವು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಮೊಕದ್ದಮೆಗೋ ವ್ಯಾಸಂಗಕ್ಕೋ ರಾಜಧಾನಿಗೆ ಹೋಗುತ್ತಿದ್ದ ನಮ್ಮ ಜಿಲ್ಲೆಯವರಿಗೆ ಪರಿಚಿತವಾಗಿದ್ದ ಟ್ರಾಂ ಎಂದರೆ ಆ ಕಡಲತೀರದ ಪಟ್ಟಣದ್ದೇ. ಹಳೆಯ ಟ್ರಾಂ ಗಾಡಿಗಳನ್ನು ಪರಂಪರೆಯೆಂದು ಓಡಿಸಬೇಕೆಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿರುವುದರಿಂದ, ಅದರ ಲೆಕ್ಕವನ್ನು ಇಲ್ಲಿಂದಲೇ ಆರಂಭಿಸುವುದು ಉಚಿತವೆಂದು ಭಾವಿಸುತ್ತೇವೆ.

ಮದರಾಸಿನಲ್ಲಿ 1895ರ ಮೇ 7ರಂದು ಹೊರಟದ್ದು ಭಾರತದ ಮೊದಲನೆಯ ವಿದ್ಯುತ್ ಟ್ರಾಂ. ಕಲ್ಕತ್ತೆಗೆ ಆ ಸೌಕರ್ಯ ಬಂದದ್ದು 1902ರಲ್ಲಿ, ಮುಂಬಯಿಗೆ 1907ರಲ್ಲಿ. ಮೊದಲು ವಿದ್ಯುತ್ತನ್ನು ನೆಲದೊಳಗಿನ ಕಾಲುವೆಯ ಮೂಲಕ ಹಾಯಿಸಿದ್ದರು. ಮದರಾಸಿನ ಮಳೆಗಾಲಕ್ಕೆ ಆ ಏರ್ಪಾಡು ಒಗ್ಗದೆ, ತಂತಿಯನ್ನು ಕಂಬಗಳ ಮೇಲಕ್ಕೇರಿಸಬೇಕಾಯಿತು. ಹೀಗೆ ಒಂದೇ ಮಾರ್ಗಕ್ಕೆ ಎರಡು ಬಾರಿ ಬಂಡವಾಳ ಹೂಡಬೇಕಾದದ್ದು ಶುಭಾರಂಭವೇನೂ ಅಲ್ಲ. 1921ರ ಸುಮಾರಿಗೆ 24 ಕಿಲೋಮೀಟರ್ ಮಾರ್ಗದಲ್ಲಿ 97 ಗಾಡಿಗಳು ಓಡುತ್ತಿದ್ದುವು. 1950ರ ವೇಳೆಗೆ ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತು. ರಾಜಾಜಿಯವರ ಸರ್ಕಾರವು ಅದನ್ನು ಕೊಳ್ಳಲು ಒಪ್ಪಲಿಲ್ಲ.

ಟ್ರಾಂ ವ್ಯವಹಾರದ ಕಷ್ಟವೆಲ್ಲ ಅದರ ಸ್ಥಿರ ವೆಚ್ಚದಲ್ಲಿದೆ. ಬಸ್ಸಿಗೆ ರಸ್ತೆಯನ್ನು ಸರ್ಕಾರ ಹಾಕಿಕೊಡುತ್ತದೆ. ಟ್ರಾಂ ತನ್ನ ಹಳಿ, ತಂತಿ, ಕಂಬ, ಕಾರ್ಖಾನೆಗಳನ್ನು ತಾನೇ ಸಾಕಿಕೊಳ್ಳಬೇಕು. ಇಂಗ್ಲೆಂಡಿನ 1870ರ ಟ್ರಾಂ ಶಾಸನವಂತೂ ಹಳಿಗಳ ನಡುವಣ ನೆಲವನ್ನೂ ಅವುಗಳ ಹೊರಗಣ ಹದಿನೆಂಟು ಅಂಗುಲವನ್ನೂ ಟ್ರಾಂ ಸಂಸ್ಥೆಯೇ ದುರಸ್ತಿ ಮಾಡಬೇಕೆಂದು ವಿಧಿಸಿತ್ತು. ಅದೇ ನೆಲದ ಮೇಲೆ ಎದುರಾಳಿಯ ಬಸ್ಸು ಪುಕ್ಕಟೆಯಾಗಿ ಓಡುತ್ತಿತ್ತು! ಗಾಡಿ ಒಂದಿರಲಿ, ನೂರಿರಲಿ, ಹಳಿಯ ಖರ್ಚು ಬಹುಮಟ್ಟಿಗೆ ಅಷ್ಟೇ. 97 ಗಾಡಿಗಳು ಹಂಚಿಕೊಂಡೂ ಹೊರಲಾರದ ಹೊರೆಯನ್ನು ಪರಂಪರೆಯ ಹೆಸರಿನ ಎರಡು ಮೂರು ಗಾಡಿಗಳು ಹೊರಬಲ್ಲುವೆಂದು ನಂಬುವುದು ಕಷ್ಟ.

ಆದಾಗ್ಯೂ ಹೊರುತ್ತಿರುವ ಊರುಗಳಿವೆ. ಇಂಗ್ಲೆಂಡಿನ ಕಡಲತೀರದ ಪಟ್ಟಣವಾದ ಬ್ಲ್ಯಾಕ್‌ಪೂಲಿನಲ್ಲಿ 1885ರಿಂದ ವಿದ್ಯುತ್ ಟ್ರಾಂ ಇದೆ. 2012ರಲ್ಲಿ ಅದನ್ನು ಹೊಸ ಗಾಡಿಗಳೊಡನೆ ನವೀಕರಿಸಿದರು. ನಿತ್ಯದ ಪ್ರಯಾಣಿಕರಿಗಾಗಿ ಇರಿಸಿಕೊಂಡ ಹಳಿಯ ಮೇಲೆಯೇ ಹಳೆಯ ಗಾಡಿಗಳ ವಿಹಾರವೂ ನಡೆಯುತ್ತ ಬಂದುದರಿಂದ, ಅವುಗಳ ಪಾಲಿಗೆ ಬಂದದ್ದು ಮುಖ್ಯವಾಗಿ ಸಿಬ್ಬಂದಿಯ ಮತ್ತು ದುರಸ್ತಿಯ ವೆಚ್ಚ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ದಾರಿ ಬೇರೆ. 1954ರಲ್ಲಿ ನಿಂತ ಟ್ರಾಮನ್ನು 1995ರಲ್ಲಿ ಪ್ರವಾಸಿಗಳಿಗಾಗಿ ಸಣ್ಣ ಸುತ್ತಿನಲ್ಲಿ ಮತ್ತೆ ಹೂಡಿದರು. ಅಲ್ಲಿ ಹಳಿಯ ಒಡೆತನ ನಗರಸಭೆಯದು, ಓಡಿಸುವ ಸಂಸ್ಥೆ ಖಾಸಗಿ. ಎರಡು ಕಡೆಯೂ ಹಳಿಯ ಭಾರವನ್ನು ವಿಹಾರದ ಟಿಕೆಟ್ಟಿನ ಮೇಲೆ ಪೂರ್ತಿಯಾಗಿ ಹೇರಿಲ್ಲವೆಂಬುದು ಗಮನಾರ್ಹ.

ನಮ್ಮ ನಾಡಿನ ಅನುಭವವೂ ಇದನ್ನೇ ಪುಷ್ಟೀಕರಿಸುತ್ತದೆ. ಹೊಸಪೇಟೆಯ ಮೂಲಕ ಹಂಪೆಯ ಪ್ರವಾಸಿಗಳನ್ನು ತಂದ ಸುವರ್ಣ ರಥವು 2008ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಅನಂತರ ರೈಲ್ವೆಯ ಪ್ರವಾಸೋದ್ಯಮ ಸಂಸ್ಥೆಯ ಕೈಸೇರಿತು. ಹಳಿ ತನ್ನದಲ್ಲದ ರಾಜ್ಯ ನಿಗಮವು ರೈಲ್ವೆಗೆ ತೆರಬೇಕಾಗಿದ್ದ ಎಳೆತದ ಶುಲ್ಕವೇ ಅದಕ್ಕೆ ದೊಡ್ಡ ಹೊರೆಯಾಗಿತ್ತು. ಹಂಪೆಯಲ್ಲಿ ಗೆಜ್ಜಲ ಮಂಟಪದಿಂದ ವಿಠ್ಠಲ ದೇವಾಲಯದವರೆಗೆ ಓಡುವ ಬ್ಯಾಟರಿ ವಾಹನಗಳಿಗಾದರೋ ಹಳಿಯೂ ಬೇಡ, ತಂತಿಯೂ ಬೇಡ. ಅವುಗಳಲ್ಲಿ ಟ್ರಾಮಿನ ಸೊಬಗಿಲ್ಲವೆಂಬುದು ನಿಜ. ಟ್ರಾಮಿನ ಸಾಲವೂ ಇಲ್ಲ.

ಹಾಗಾದರೆ ರಾಜಾಜಿಯವರ ಸರ್ಕಾರ ಮಾಡಿದ್ದು ಸರಿಯೇ? ಅಂದಿನ ಲೆಕ್ಕದ ಪುಸ್ತಕವನ್ನಷ್ಟೇ ನೋಡಿದರೆ ತಪ್ಪೆನ್ನಲಾಗದು. ಆದರೆ ಕಿತ್ತ ಹಳಿಯನ್ನು ಪುನಃ ಹಾಕುವ ವೆಚ್ಚವು ಇದ್ದುದನ್ನು ಕಾಪಾಡುವ ವೆಚ್ಚಕ್ಕಿಂತ ಬಹುಪಾಲು ಹೆಚ್ಚೆಂಬುದು ಆ ಪುಸ್ತಕದಲ್ಲಿ ಬರೆದಿರುವುದಿಲ್ಲ. ಕಲ್ಕತ್ತೆಯಲ್ಲಿ ಈಗ ಇತ್ಯರ್ಥವಾಗಬೇಕಾದದ್ದು ಇದೇ. 1976ರಲ್ಲಿ ರಾಷ್ಟ್ರೀಕರಣವಾದ ಅಲ್ಲಿನ ಟ್ರಾಮಿನಲ್ಲಿ ಎಸ್‌ಪ್ಲನೇಡಿನಿಂದ ಮೈದಾನದ ಮಾರ್ಗವೊಂದನ್ನು ಮಾತ್ರ ಪರಂಪರೆಯೆಂದು ಉಳಿಸಿಕೊಳ್ಳುವುದಾಗಿ 2024ರಲ್ಲಿ ರಾಜ್ಯ ಸರ್ಕಾರ ತಿಳಿಸಿತು. ಹಳಿಗಳ ಮೇಲೆ ಡಾಂಬರು ಸುರಿದ ವಿಷಯ 2025ರಲ್ಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಒಂದೇ ಮಾರ್ಗ ಉಳಿದರೆ ಕಾರ್ಖಾನೆ, ಡಿಪೋ, ತಂತಿಗಳ ಸಮಸ್ತ ಖರ್ಚೂ ಅದೊಂದರ ತಲೆಯ ಮೇಲೆಯೇ ಬೀಳುವುದು.