ಚಿನ್ನದ ಗಣಿಗೆ ಹೋದವಳು: ಕೆ.ಜಿ.ಎಫ್. ಹೆಂಗಸರು ಮತ್ತು ಲೆಕ್ಕಕ್ಕೆ ಬಾರದ ದುಡಿಮೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ಧ್ವನಿ ಕೇಳಿಸ್ತಿದೆ ಅಂದ್ಕೋತೀನಿ. ಸೋಮನೂರಿನ ನಮ್ಮ ಮನೆಯಿಂದಲೇ ಮಾತಾಡ್ತಾ ಇದ್ದೀನಿ. ಪಕ್ಕದಲ್ಲಿ ಪವರ್‌ಲೂಮ್ ಓಡ್ತಾ ಇದೆ, ಆ ಸದ್ದು ನಡುನಡುವೆ ಬಂದರೆ ಕ್ಷಮಿಸಬೇಕು.

ಕೊಯಮತ್ತೂರು ಜಿಲ್ಲೆಯ ಈ ಭಾಗದಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರ ಕುಟುಂಬಗಳಿವೆ. ನಮ್ಮದೂ ಅಂಥದ್ದೇ. ನಮ್ಮ ಅಜ್ಜಿಗೆ ಒಬ್ಬ ಚಿಕ್ಕಮ್ಮ ಇದ್ದಳಂತೆ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡ. ಆಮೇಲೆ ಅವಳು ಊರು ಬಿಟ್ಟು ಕೋಲಾರದ ಕಡೆ ಹೋದಳು. ಮನೆಯಲ್ಲಿ ಅವಳ ಹೆಸರು ಯಾರೂ ಎತ್ತುತ್ತಿರಲಿಲ್ಲ. ಎತ್ತಲೇಬೇಕಾಗಿ ಬಂದರೆ "ಚಿನ್ನದ ಗಣಿಗೆ ಹೋದವಳು" ಅಂತ ಹೇಳಿ ಮಾತು ಮುಗಿಸುತ್ತಿದ್ದರು. ಆ ಮಾತಿನ ಅರ್ಥ ನನಗೆ ಹದಿನೈದನೇ ವಯಸ್ಸಿನಲ್ಲಿ ಹೊಳೆಯಿತು. ಇತಿಹಾಸದ ವಿದ್ಯಾರ್ಥಿಯಾಗಿ ಕೆ.ಜಿ.ಎಫ್. ಬಗ್ಗೆ ಓದಲು ಶುರು ಮಾಡಿದಾಗ, ನಾಚಿಕೆ ಇಲ್ಲದೆ ಹೇಳ್ತೀನಿ, ನಾನೂ ಅವಳನ್ನು ಅದೇ ಅರ್ಥದಲ್ಲೇ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. 'ವೇಶ್ಯಾವೃತ್ತಿ, ಮೌಖಿಕ ಆಧಾರ' ಎಂಬ ತಲೆಬರಹದ ಕೆಳಗೆ. ಆ ಒಂದು ಸಾಲನ್ನು ಯಾಕೆ ಹೊಡೆದು ಹಾಕಬೇಕಾಯಿತು ಅನ್ನುವುದೇ ಇವತ್ತಿನ ನನ್ನ ಪ್ರಬಂಧ.

ಮೊದಲು ಹಿನ್ನೆಲೆ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಕೋಲಾರದ ಗಣಿಗಳು ಬಂದದ್ದು 1880ರ ದಶಕದಲ್ಲಿ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಸುತ್ತ, ಪಾಳುಬಿದ್ದಿದ್ದ ನೆಲದಲ್ಲಿ ಕೆಲವೇ ವರ್ಷಗಳಲ್ಲಿ ಒಂದು ಊರು ಎದ್ದಿತು. 1894ಕ್ಕೆ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಯುರೋಪಿಯನ್ನರಿಗೆ ಬಂಗಲೆ, ಕ್ಲಬ್ಬು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದ ಕೂಲಿಗಳಿಗೆ, ಅವರಲ್ಲಿ ಹೆಚ್ಚಿನವರು ಆದಿದ್ರಾವಿಡರು, ಬಿದಿರು ತಟ್ಟಿಯ ಗುಡಿಸಲುಗಳ ಲೈನು.

ಈಗ ಜಗತ್ತಿನ ಬೇರೆ ಚಿನ್ನದ ಊರುಗಳನ್ನು ನೋಡಿ. 1849ರ ಕ್ಯಾಲಿಫೋರ್ನಿಯಾ, 1890ರ ದಶಕದ ಜೋಹಾನ್ಸ್‌ಬರ್ಗ್, 1898ರ ಕ್ಲೊಂಡೈಕ್: ಎಲ್ಲ ಕಡೆ ಗಂಡಸರು ಒಂಟಿಯಾಗಿ ಬಂದರು, ಹೆಂಗಸರ ಸಂಖ್ಯೆ ಬಹಳ ಕಡಿಮೆ ಇತ್ತು. ಸೂಳೆಗೇರಿಗಳು ಬಹಿರಂಗವಾಗಿ ಬೆಳೆದವು, ಪೊಲೀಸರು ಅವನ್ನು ಒಂದು ಬೀದಿಯಿಂದ ಇನ್ನೊಂದಕ್ಕೆ ಓಡಿಸಿದರು. ಈ ವಿಷಯದ ಮೇಲೆ ಒಳ್ಳೆಯ ಸಂಶೋಧನೆಗಳಿವೆ. ವಿಟ್‌ವಾಟರ್ಸ್‌ರ್ಯಾಂಡ್ ಕುರಿತು ಚಾರ್ಲ್ಸ್ ವಾನ್ ಒನ್ಸೆಲೆನ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಅದರಲ್ಲಿ ಮುಖ್ಯವಾದದ್ದು. ಅದನ್ನು ಓದಿದವರಿಗೆ ಕೋಲಾರದಲ್ಲೂ ಅದೇ ಚಿತ್ರ ಇರಬೇಕು ಅನಿಸುವುದು ಸಹಜ. ನನಗೂ ಹಾಗೇ ಅನಿಸಿತ್ತು.

ಆದರೆ ಕೆ.ಜಿ.ಎಫ್. ಕಟ್ಟಿದ ರೀತಿಯೇ ಬೇರೆ. ದಕ್ಷಿಣ ಆಫ್ರಿಕಾದ ಗಣಿಗಳು ಕರಿಯ ಕಾರ್ಮಿಕರನ್ನು ಹೆಂಡತಿ ಮಕ್ಕಳಿಲ್ಲದ ಕಾಂಪೌಂಡುಗಳಲ್ಲಿ ಇಟ್ಟವು. ಇಲ್ಲಿ ಕುಟುಂಬಗಳು ಲೈನುಗಳಲ್ಲಿ ನೆಲೆಸಿದವು. ಇದು ಕಂಪನಿಯ ದಯೆ ಅಂತ ಯಾರೂ ತಿಳಿಯಬಾರದು. ಸುರಂಗದಿಂದ ಮೇಲೆ ಬಂದವನಿಗೆ ಅನ್ನ ಬೇಕು, ನೀರು ಬೇಕು, ಜ್ವರ ಬಂದರೆ ನೋಡಿಕೊಳ್ಳುವವರು ಬೇಕು, ಮರುದಿನ ಶಿಫ್ಟಿಗೆ ಅವನು ಏಳಬೇಕು. ಇದನ್ನೆಲ್ಲ ಹೆಂಗಸು ಸಂಬಳವಿಲ್ಲದೆ ಮಾಡಿದರೆ ಗಂಡಸಿನ ಕೂಲಿಯನ್ನು ಕಡಿಮೆ ಇಡಬಹುದು. ಇದರ ಜೊತೆಗೆ ಹೆಂಗಸರು ಗಣಿಯ ಮೇಲ್ಭಾಗದಲ್ಲಿ ಗುತ್ತಿಗೆದಾರರ ಕೈಕೆಳಗೆ ಕೂಲಿಯನ್ನೂ ಮಾಡಿದರು. ಕೋಲಾರದ ಚಿನ್ನ ಅಗ್ಗವಾಗಿ ಹೊರಬಂದದ್ದರ ಹಿಂದೆ ಈ ದುಡಿಮೆ ಇದೆ ಅನ್ನುವುದು ನನ್ನ ವಾದ.

ಹಾಗಾದರೆ ದಾಖಲೆ ಈ ಹೆಂಗಸರನ್ನು ಹೇಗೆ ಕಂಡಿತು? ದಯವಿಟ್ಟು ಜನಗಣತಿಯ ಸ್ಲೈಡ್ ನೋಡಿ. 1911ರಿಂದ ಭಾರತದ ಜನಗಣತಿ, ಮೈಸೂರು ಸಂಸ್ಥಾನವೂ ಸೇರಿ, ಫ್ರಾನ್ಸಿನ ಜಾಕ್ ಬೆರ್ಟಿಲೋನ್ ರೂಪಿಸಿದ ವೃತ್ತಿ ವಿಂಗಡಣೆಯನ್ನು ಬಳಸಿತು. ಅದರಲ್ಲಿ ಗಣಿ ಕಾರ್ಮಿಕ 'ಖನಿಜ ತೆಗೆಯುವವನು'. ಮನೆಯಲ್ಲಿ ದುಡಿಯುವ ಅವನ ಹೆಂಡತಿ 'ಅವಲಂಬಿತೆ'. ಮೈ ಮಾರಿ ಬದುಕುವವಳು ಭಿಕ್ಷುಕರು, ಅಲೆಮಾರಿಗಳ ಜೊತೆ 'ಅನುತ್ಪಾದಕ' ಎಂಬ ವರ್ಗದಲ್ಲಿ. ಒಂದೇ ಲೈನಿನಲ್ಲಿ ಇರಬಹುದಾದ ಇಬ್ಬರು ಹೆಂಗಸರು: ಒಬ್ಬಳು ಗೌರವಸ್ಥೆ, ಇನ್ನೊಬ್ಬಳು ಕೆಟ್ಟವಳು. ಸಮಾಜಕ್ಕೆ ಇಬ್ಬರ ನಡುವೆ ಅಜಗಜಾಂತರ. ಜನಗಣತಿಯ ಲೆಕ್ಕದಲ್ಲಿ ಮಾತ್ರ ಇಬ್ಬರೂ ಒಂದೇ ಕಡೆ ಸೇರುತ್ತಾರೆ: ಇಬ್ಬರದೂ ದುಡಿಮೆ ಅಲ್ಲ.

ಈ ಎರಡರ ನಡುವೆ ಇದ್ದವರ ಕಥೆ ಇನ್ನೂ ಕಷ್ಟದ್ದು. ಬಂಡೆ ಸಿಡಿದು ಗಂಡ ಸತ್ತವಳು. ಗುಡಿಸಲು ಕಂಪನಿಯದ್ದು, ಅದು ಕೆಲಸದ ಜೊತೆಗೇ ಬರುವಂಥದ್ದು. ಅವಳು ನಾಲ್ಕು ಜನ ಒಂಟಿ ಗಂಡಸರಿಗೆ ಅಡಿಗೆ ಮಾಡಿ ಹಾಕಬಹುದು, ಬಟ್ಟೆ ಒಗೆಯಬಹುದು, ಇಡ್ಲಿ ಮಾರಬಹುದು, ಒಬ್ಬನ ಜೊತೆ ತಾಳಿಯಿಲ್ಲದೆ ಇರಬಹುದು, ಸಾಲ ಮುಟ್ಟಿದ ತಿಂಗಳು ಮೈಯನ್ನೂ ಮಾರಬಹುದು. ಇವೆಲ್ಲ ಒಬ್ಬಳದೇ ಬಾಳಿನಲ್ಲಿ ಆಗಬಹುದಾದದ್ದು. ಅದರಲ್ಲಿ ಯಾವುದೋ ಒಂದನ್ನು ಆರಿಸಿ, ಅದೇ ಅವಳು ಅಂತ ಹೆಸರಿಡುವವರು ಯಾರು?

ಹೆಸರಿಡುವ ಅಧಿಕಾರ ಯಾರಿಗಿತ್ತು ಅನ್ನುವುದಕ್ಕೆ ಬೆಂಗಳೂರು ದಂಡು ಪ್ರದೇಶ ಒಳ್ಳೆಯ ಉದಾಹರಣೆ. ಬ್ರಿಟಿಷ್ ಸಿಪಾಯಿಗಳಲ್ಲಿ ಬಹುಪಾಲು ಜನರಿಗೆ ಸಂಸಾರ ಕಟ್ಟಿಕೊಳ್ಳಲು ಬಿಡಲಿಲ್ಲ. ಅವರ ಬಳಿ ಬರುವ ಹೆಂಗಸರನ್ನು 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆಗಳಡಿ ನೋಂದಾಯಿಸಿ, ಪರೀಕ್ಷಿಸಿ, ಲಾಕ್ ಆಸ್ಪತ್ರೆಯಲ್ಲಿ ಕೂಡಿ ಹಾಕಿದರು. ಸಿಪಾಯಿಯ ಆರೋಗ್ಯ ಸರ್ಕಾರದ ಸ್ವತ್ತು, ಅದಕ್ಕೇ ಅಷ್ಟು ಬರವಣಿಗೆ. ಗಣಿಯಲ್ಲಿ ಕಂಪನಿಗೆ ಭಯ ಇದ್ದದ್ದು ಚಿನ್ನದ ಕಳ್ಳತನದ್ದು. 1897ರ ಮೈಸೂರು ಗಣಿ ರೆಗ್ಯುಲೇಷನ್ನಿನಿಂದ ಹಿಡಿದು ಪೊಲೀಸರು, ಕಾವಲುಗಾರರ ಕಣ್ಣೆಲ್ಲ ಅತ್ತ. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲಿ ಬರೆದ ಪುಸ್ತಕ ಓದಿದವರಿಗೆ ಈ ಕಾವಲಿನ ಲೋಕ ಗೊತ್ತಿರುತ್ತೆ. ಅಂದರೆ ಆಳುವವರು ಯಾವುದಕ್ಕೆ ಹೆದರುತ್ತಾರೋ ಅದರ ಕಡತ ದಪ್ಪವಾಗುತ್ತೆ. ಕಡತದ ದಪ್ಪ ನೋಡಿ ಹೆಂಗಸರ ಬಾಳನ್ನು ಅಳೆಯಬಾರದು.

ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆ ನಿಲ್ಲಿಸಿತು, 1936ರಲ್ಲಿ ಅನೈತಿಕ ವ್ಯವಹಾರ ತಡೆ ಕಾಯ್ದೆ ತಂದಿತು. ಅಲ್ಲಿಂದಾಚೆ ಕಾನೂನಿಗೆ ಬೇಕಾದದ್ದು ಒಂದೇ ಪ್ರಶ್ನೆ: ಇವಳು ಅಂಥವಳೋ ಅಲ್ಲವೋ? ಅವಳು ಏನು ತಿಂದು ಬದುಕಿದಳು ಅನ್ನುವುದು ಅದರ ಪ್ರಶ್ನೆ ಆಗಿರಲಿಲ್ಲ.

ಈಗ ನಮ್ಮ ಬೀದಿಗೆ ಬರ್ತೀನಿ. ಕೈಮಗ್ಗದ ಕಾಲದಲ್ಲಿ ಕುಣಿ ಮಗ್ಗದಲ್ಲಿ ಕೂತವನು ನೇಕಾರ. ರಾಟೆ ತಿರುಗಿಸಿ ಕಂಡಿಕೆ ಸುತ್ತಿ ಕೊಡುತ್ತಿದ್ದ ಹೆಂಗಸು 'ಮನೆಯವಳು'. ಕಂಡಿಕೆ ಇಲ್ಲದಿದ್ದರೆ ಲಾಳಿ ಒಂದು ಗೇಣೂ ಓಡುವುದಿಲ್ಲ. 1931ರ ಜನಗಣತಿ ಇಂಥವರಿಗಾಗಿ 'ದುಡಿಯುವ ಅವಲಂಬಿತರು' ಎಂಬ ಹೊಸ ಹೆಸರು ಕಂಡುಹಿಡಿಯಿತು. ಆ ಎರಡು ಪದ ಅಕ್ಕಪಕ್ಕ ಹೇಗೆ ಕೂತವೋ ಗೊತ್ತಿಲ್ಲ! ಹಾಗಾಗಿ ಲೆಕ್ಕಕ್ಕೆ ಬಾರದ ದುಡಿಮೆ ಅಂದರೆ ಏನು ಅಂತ ಸೋಮನೂರಿನ ಹೆಂಗಸರಿಗೆ ಕೋಲಾರದವರು ಬಂದು ಹೇಳಿಕೊಡಬೇಕಾಗಿಲ್ಲ.

ಹೋದ ವರ್ಷ ಅಜ್ಜಿಯನ್ನು ಮತ್ತೆ ಕೇಳಿದೆ. ಈ ಸಲ "ಅವಳು ಅಲ್ಲಿ ಏನಾಗಿದ್ದಳು" ಅಂತ ಕೇಳಲಿಲ್ಲ, "ಏನು ಕೆಲಸ ಮಾಡ್ತಿದ್ದಳು" ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಹೋಗಿ ನೋಡಿದ್ದಿಲ್ಲ ಕಣೋ. ಮನಿಯಾರ್ಡರ್ ಬರ್ತಿತ್ತು" ಅಂದಳು. ಎಷ್ಟು ವರ್ಷ ಅಂತ ಕೇಳಿದೆ. "ನಮ್ಮಮ್ಮನ ಮದುವೆ ಸಾಲ ತೀರೋವರೆಗೂ." ಹಣ ಮನೆಯೊಳಗೆ ಬಂತು, ಹೆಸರು ಹೊಸ್ತಿಲ ಹೊರಗೇ ನಿಂತಿತು. ಅವಳ ಬಗ್ಗೆ ನನ್ನ ಹತ್ತಿರ ಇರುವ ಒಂದೇ ಆಧಾರ ಅವಳು ದುಡಿದಳು ಅನ್ನುವುದು. ಉಳಿದದ್ದು ನಮ್ಮ ಬೀದಿಯ ಮಾತು. ಆ ಮಾತು ಬೀದಿಯ ಇತಿಹಾಸಕ್ಕೆ ಆಧಾರ ಆಗಬಹುದು, ಅವಳ ಇತಿಹಾಸಕ್ಕೆ ಆಗುವುದಿಲ್ಲ. ಅವತ್ತು ನೋಟ್‌ಬುಕ್ಕಿನ ಆ ಸಾಲು ಹೊಡೆದು ಹಾಕಿದೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈಗ ಮಾರಿಕುಪ್ಪಂನಿಂದ ನಸುಕಿಗೇ ಹೊರಡುವ ರೈಲಿನಲ್ಲಿ ಕೆ.ಜಿ.ಎಫ್.ನ ಹೆಂಗಸರು ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮನೆಗೆ ಬರ್ತಾರೆ. ಕತ್ತಲಲ್ಲಿ ಬರುವ ಹೆಂಗಸಿನ ಬಗ್ಗೆ ಬೀದಿ ಏನು ಮಾತಾಡುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ನಮ್ಮ ತಿರುಪ್ಪೂರು ಕಡೆ ಮಿಲ್ಲಿಗೆ ಹೋಗುವ ಹುಡುಗಿಯರಿಗೂ ಅದೇ ಮಾತು.

ಚಾಟ್‌ನಲ್ಲಿ ಮೇಡಂ ಒಬ್ಬರು ಕೇಳಿದ್ದಾರೆ: "ಹಾಗಾದರೆ ಕೆ.ಜಿ.ಎಫ್.ನಲ್ಲಿ ವೇಶ್ಯಾವೃತ್ತಿ ಇರಲೇ ಇಲ್ಲ ಅಂತೀರಾ?" ಇಲ್ಲ ಮೇಡಂ, ಹಾಗೆ ಹೇಳಿದರೆ ಅದು ಇನ್ನೊಂದು ಅನ್ಯಾಯ. ಸಂಬಳದ ದಿನ, ಸಾರಾಯಿ ಅಂಗಡಿ, ಸಾಲ, ವಿಧವೆಯರು, ಇಷ್ಟೆಲ್ಲ ಇರುವ ಊರಿನಲ್ಲಿ ಅದು ಇರಲಿಲ್ಲ ಅನ್ನಲು ಸಾಧ್ಯವಿಲ್ಲ. ನಮ್ಮ ಚಿಕ್ಕಜ್ಜಿಯೇ ಆ ಕೆಲಸ ಮಾಡಿದ್ದರೂ ಮಾಡಿರಬಹುದು. ಹಾಗೆ ಮಾಡಿದ್ದರೂ ಮದುವೆ ಸಾಲ ತೀರಿಸಿದ್ದು ಆ ದುಡ್ಡೇ. ಅವಳನ್ನು ಶುದ್ಧ ಮಾಡುವುದು ನನ್ನ ಉದ್ದೇಶ ಅಲ್ಲ. ಎರಡೂ ಬಗೆಯ ಹೆಂಗಸರನ್ನು ದುಡಿದವರು ಅಂತ ಮೊದಲು ಬರೆದುಕೊಳ್ಳೋಣ, ಆಮೇಲೆ ಉಳಿದ ಪ್ರಶ್ನೆ ಕೇಳೋಣ ಅನ್ನುವುದಷ್ಟೇ ನನ್ನ ಮಾತು.

ಸಮಯ ಮೀರಿದೆ.