ಲೈಸೆನ್ಸ್ ಇರುವ ಬಂದೂಕಿನೊಂದಿಗೆ ಹೊರರಾಜ್ಯಕ್ಕೆ ಪ್ರಯಾಣ: ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದು ರಿವಾಲ್ವರ್, ಪಿಸ್ತೂಲು ಅಥವಾ ತೋಟದ ಬಂದೂಕು ಇಟ್ಟುಕೊಂಡ ಮನೆಗಳು ಜೈನ ಸಮಾಜದಲ್ಲಿ ಕಡಿಮೆಯೇ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬಂಗಾರ-ಬೆಳ್ಳಿ ವ್ಯಾಪಾರದವರಲ್ಲಿ ಇವೆ. ಮಲೆನಾಡು, ಕರಾವಳಿಯ ಒಂಟಿ ಮನೆಗಳಲ್ಲಿರುವ ಅಡಿಕೆ ತೋಟದವರಲ್ಲಿ ಇವೆ. ಗಡಿ ಜಿಲ್ಲೆಗಳವರಿಗೆ ಹೊರರಾಜ್ಯ ಎಂಬುದು ದೂರದ ಮಾತೂ ಅಲ್ಲ. ಬೆಳಗಾವಿ, ಚಿಕ್ಕೋಡಿ, ಅಥಣಿ ಕಡೆಯವರಿಗೆ ಕೊಲ್ಹಾಪುರ, ಸಾಂಗ್ಲಿ, ಮಿರಜ್ ಎಂದರೆ ಪಕ್ಕದ ಓಣಿ ಇದ್ದಂತೆ. ಹೆಣ್ಣು ಕೊಟ್ಟು ತಂದ ಮನೆಗಳು, ಕುಂಭೋಜ ಬಾಹುಬಲಿ ಕ್ಷೇತ್ರ, ಪೇಟೆಯ ವ್ಯವಹಾರ ಎಲ್ಲವೂ ಅಲ್ಲಿವೆ. ಮಂಗಳೂರಿನವರು ತಲಪಾಡಿ ದಾಟಿದರೆ ಕೇರಳ, ಬಳ್ಳಾರಿಯವರು ಸ್ವಲ್ಪ ದೂರ ಹೋದರೆ ಆಂಧ್ರ.

ಇಂಥ ಪ್ರಯಾಣದಲ್ಲಿ ತೊಂದರೆಗೆ ಸಿಕ್ಕುವವರು ಹೆಚ್ಚಾಗಿ ಅಪರಾಧಿಗಳಲ್ಲ. ತೆರಿಗೆ ಕಟ್ಟಿ, ಲೈಸೆನ್ಸ್ ನವೀಕರಿಸಿಕೊಂಡು, ಒಮ್ಮೆಯೂ ಗುಂಡು ಹಾರಿಸದೆ ಇದ್ದವರೇ ಒಂದು ಸಣ್ಣ ಅಲಕ್ಷ್ಯದಿಂದ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುತ್ತಾರೆ.

ಲೈಸೆನ್ಸಿನಲ್ಲಿರುವ ಒಂದು ಸಾಲು

ಬಂದೂಕಿಗೆ ಸಂಬಂಧಿಸಿದ ಕಾನೂನು ಕೇಂದ್ರದ್ದು: 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ಅಡಿಯಲ್ಲಿ ಬಂದ 2016ರ ಶಸ್ತ್ರಾಸ್ತ್ರ ನಿಯಮಗಳು. ಕಾನೂನು ದೇಶಕ್ಕೆಲ್ಲ ಒಂದೇ ಆದ್ದರಿಂದ ಲೈಸೆನ್ಸೂ ದೇಶಕ್ಕೆಲ್ಲ ನಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಡ್ರೈವಿಂಗ್ ಲೈಸೆನ್ಸ್ ಹಾಗೆಯೇ ಇರುವುದರಿಂದ ಈ ನಂಬಿಕೆ ಬಂದಿರಬೇಕು. ಬಂದೂಕಿನ ವಿಷಯದಲ್ಲಿ ಅದು ತಪ್ಪು.

ಕರ್ನಾಟಕದಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂತಹ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರ್. ಅವರು ಕೊಟ್ಟ ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶದೊಳಗೆ ಊರ್ಜಿತ ಎಂದು ಬರೆದಿರುತ್ತಾರೆ. ಒಬ್ಬರದು ಜಿಲ್ಲೆಗೆ ಸೀಮಿತ, ಇನ್ನೊಬ್ಬರದು ಇಡೀ ರಾಜ್ಯಕ್ಕೆ, ಕೆಲವರದು ಮಾತ್ರ ಅಖಿಲ ಭಾರತಕ್ಕೆ. ಬಂದೂಕು ಕೊಂಡ ದಿನ ನೋಡಿ ಮರೆತ ಆ ಸಾಲನ್ನು ಪ್ರತಿ ಪ್ರಯಾಣಕ್ಕೆ ಮೊದಲು ಮತ್ತೆ ಓದಬೇಕು. ರಾಷ್ಟ್ರೀಯ ದತ್ತಾಂಶದಲ್ಲಿ ಲೈಸೆನ್ಸ್‌ದಾರರಿಗೆ ಕೊಟ್ಟಿರುವ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇದ್ದ ಮಾತ್ರಕ್ಕೆ ಲೈಸೆನ್ಸ್ ದೇಶಕ್ಕೆಲ್ಲ ಹಬ್ಬುವುದಿಲ್ಲ. ಅದು ಗುರುತು ಮಾತ್ರ.

ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿ ಹಣ ವಸೂಲಿಗೆ ಕೊಲ್ಹಾಪುರಕ್ಕೆ ಹೊರಟರೆಂದು ಇಟ್ಟುಕೊಳ್ಳೋಣ. ಅವರ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಕೊಗನೊಳ್ಳಿ ಟೋಲ್ ತನಕ ಅವರು ಲೈಸೆನ್ಸ್‌ದಾರರು. ಗಡಿ ದಾಟಿ ಕಾಗಲ್ ತಲುಪುವ ಹೊತ್ತಿಗೆ, ಅದೇ ಸೊಂಟದಲ್ಲಿ ಅದೇ ರಿವಾಲ್ವರ್ ಇದ್ದರೂ, ಅವರ ಬಳಿ ಆ ನೆಲಕ್ಕೆ ಸಲ್ಲುವ ಕಾಗದವಿಲ್ಲ. ಇದನ್ನು ಲೈಸೆನ್ಸ್ ಷರತ್ತಿನ ಉಲ್ಲಂಘನೆ ಎಂದು ನೋಡಿದರೆ ಕಾಯ್ದೆಯ 30ನೇ ಕಲಮಿನಂತೆ 6 ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರು ಲೈಸೆನ್ಸೇ ಇಲ್ಲದೆ ಬಂದೂಕು ಇಟ್ಟುಕೊಂಡ ಪ್ರಕರಣ ಎಂದು ಬರೆದುಕೊಂಡರೆ ವಿಷಯ 25ನೇ ಕಲಮಿಗೆ ಹೋಗುತ್ತದೆ. 2019ರ ತಿದ್ದುಪಡಿಯ ನಂತರ ಅಲ್ಲಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ವಕೀಲರು ಮುಂದೆ ವಾದ ಮಾಡಿ ಚಿಕ್ಕದು ಮಾಡಿಸಬಹುದು. ಆದರೆ ಬಂದೂಕು ಜಪ್ತಿಯಾಗುವುದು, ಊರಲ್ಲಿ ಸುದ್ದಿ ಹರಡುವುದು, ಲೈಸೆನ್ಸೇ ರದ್ದಾಗುವ ಭಯ, ಇವೆಲ್ಲ ವಾದಕ್ಕೆ ಮೊದಲೇ ಬರುವಂಥವು.

ಅದೇ ತಿದ್ದುಪಡಿ ಇನ್ನೆರಡು ಬದಲಾವಣೆ ಮಾಡಿದೆ. ಒಬ್ಬರ ಬಳಿ 3 ಬಂದೂಕು ಇರಬಹುದಾಗಿದ್ದದ್ದು 2ಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. 5 ವರ್ಷ ದೊಡ್ಡ ಅವಧಿಯಾದ್ದರಿಂದ ಕೊನೆಯ ದಿನಾಂಕ ಮರೆತುಹೋಗುವುದೂ ಹೆಚ್ಚು. ಯಾತ್ರೆಯ ನಡುವೆ ಅವಧಿ ಮುಗಿಯುವಂತಿದ್ದರೆ ಬಂದೂಕು ಒಯ್ಯುವ ಯೋಚನೆಯನ್ನೇ ಬಿಡಬೇಕು.

ಪ್ರದೇಶ ವಿಸ್ತರಿಸಿಕೊಳ್ಳುವುದು

ಪದೇ ಪದೇ ಹೊರರಾಜ್ಯಕ್ಕೆ ಹೋಗಬೇಕಾದ ವ್ಯಾಪಾರಿಗಳಿಗೆ ದಾರಿ ಇದೆ. ಲೈಸೆನ್ಸ್‌ದಾರರ ಅರ್ಜಿಯ ಮೇಲೆ ಷರತ್ತುಗಳನ್ನು ಬದಲಿಸುವ ಅಧಿಕಾರವನ್ನು ಕಾಯ್ದೆಯ 17ನೇ ಕಲಮು ಲೈಸೆನ್ಸ್ ಕೊಟ್ಟ ಅಧಿಕಾರಿಗೆ ಕೊಟ್ಟಿದೆ. ಆದ್ದರಿಂದ ಅರ್ಜಿ ಶುರುವಾಗಬೇಕಾದದ್ದು ತಮ್ಮ ಜಿಲ್ಲೆಯ ಕಚೇರಿಯಲ್ಲೇ, ಹೋಗುವ ಊರಿನ ಠಾಣೆಯಲ್ಲಲ್ಲ. ಎಲ್ಲಿಗೆ, ಏತಕ್ಕೆ, ಎಷ್ಟು ಸಲ ಹೋಗುತ್ತೀರಿ ಎಂಬುದಕ್ಕೆ ದಾಖಲೆ ಬೇಕು: ಜಿಎಸ್‌ಟಿ ನೋಂದಣಿ, ಹೊರರಾಜ್ಯದ ಗಿರಾಕಿಗಳ ಬಿಲ್ಲುಗಳು, ಹಿಂದೆ ಬೆದರಿಕೆ ಬಂದು ದೂರು ಕೊಟ್ಟಿದ್ದರೆ ಅದರ ಪ್ರತಿ. ಪೊಲೀಸ್ ವರದಿ ಬರಬೇಕು, ಸಮಯ ಹಿಡಿಯುತ್ತದೆ. ಮುಂದಿನ ವಾರದ ಮದುವೆಗೆಂದು ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಅನುಮತಿ ಲೈಸೆನ್ಸಿನಲ್ಲೇ ಬರಹದಲ್ಲಿ ಬಂದಿರಬೇಕು. ಕಚೇರಿಯ ಗುಮಾಸ್ತರು "ಪರವಾಗಿಲ್ಲ ಹೋಗಿ ಬನ್ನಿ" ಎಂದದ್ದು ಕಾಗಲ್ ಠಾಣೆಯಲ್ಲಿ ಚಲಾವಣೆಯಾಗುವುದಿಲ್ಲ.

ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ ಎಂಬ ಮಾತೂ ಕೇಳಿಬರುತ್ತದೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಅಲ್ಲಿ ತೋಟ ಕೊಂಡ ಬೇರೆಯವರಿಗೆ ಅನ್ವಯಿಸುವುದಿಲ್ಲ.

ದಾರಿಯಲ್ಲಿ

ಮೂಲ ಲೈಸೆನ್ಸ್ ಜೊತೆಗಿರಬೇಕು. ಪೊಲೀಸ್ ಅಧಿಕಾರಿ ಕೇಳಿದಾಗ ತೋರಿಸಲೇಬೇಕು ಎಂದು 19ನೇ ಕಲಮು ಹೇಳುತ್ತದೆ. ತೋರಿಸದಿದ್ದರೆ ಬಂದೂಕನ್ನು ವಶಕ್ಕೆ ತೆಗೆದುಕೊಳ್ಳಬಹುದು. ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋ ನಂಬಿ ಹೊರಡಬಾರದು. ಲೈಸೆನ್ಸಿನಲ್ಲಿ ನಮೂದಿಸಿದ್ದಕ್ಕಿಂತ ಹೆಚ್ಚು ತೋಟಾಗಳನ್ನು ಇಟ್ಟುಕೊಳ್ಳುವುದೂ ತಪ್ಪೇ. 2016ರ ನಿಯಮಗಳಂತೆ ಸಾರ್ವಜನಿಕ ಜಾಗದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು: ರಿವಾಲ್ವರ್, ಪಿಸ್ತೂಲು ಹೋಲ್‌ಸ್ಟರ್ ಅಥವಾ ಚೀಲದಲ್ಲಿ, ಉದ್ದ ಬಂದೂಕು ಅದಕ್ಕೆಂದೇ ಇರುವ ಕವರಿನಲ್ಲಿ. ಅದು ಸದಾ ಒಡೆಯನ ಹಿಡಿತದಲ್ಲಿರಬೇಕು. ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟು ಊಟಕ್ಕೆ ಇಳಿದು ಹೋಗುವುದು ಹಿಡಿತವಲ್ಲ.

ವ್ಯಾಪಾರಸ್ಥರಲ್ಲಿ ಬಹಳವಾಗಿ ಕಾಣುವ ತಪ್ಪೆಂದರೆ ಡ್ರೈವರ್ ಅಥವಾ ಅಂಗಡಿಯ ಹುಡುಗನ ಕೈಗೆ ಬಂದೂಕು ಕೊಡುವುದು. ಲೈಸೆನ್ಸ್‌ದಾರರ ಎದುರಿನಲ್ಲಿ, ಇಲ್ಲವೇ ಅವರ ಲಿಖಿತ ಅಧಿಕಾರ ಪತ್ರದ ಮೇಲೆ, ರಿಪೇರಿಗೆ, ನವೀಕರಣಕ್ಕೆ ಅಥವಾ ಲೈಸೆನ್ಸ್‌ದಾರರೇ ಬಳಸುವುದಕ್ಕೆ ಇನ್ನೊಬ್ಬರು ಒಯ್ಯಬಹುದು ಎಂದು 3ನೇ ಕಲಮು ಅವಕಾಶ ಕೊಟ್ಟಿದೆ. ಅಷ್ಟೇ. "ಸಾಹುಕಾರರು ಮುಂದಿನ ಗಾಡಿಯಲ್ಲಿದ್ದಾರೆ" ಎಂದು ಹೇಳುವ ಡ್ರೈವರ್ ಒಬ್ಬನೇ ಸಿಕ್ಕಿಬಿದ್ದರೆ ಅವನ ಮೇಲೂ ಕೇಸು, ಸಾಹುಕಾರರ ಮೇಲೂ ಕೇಸು. ತಿಂಗಳ ಸಂಬಳಕ್ಕೆ ದುಡಿಯುವವನನ್ನು ಅಂಥ ಸ್ಥಿತಿಗೆ ತಳ್ಳುವುದು ಯಾವ ಲೆಕ್ಕದಲ್ಲೂ ನ್ಯಾಯವಲ್ಲ.

ವಿಮಾನದಲ್ಲಿ ಕ್ಯಾಬಿನ್ ಒಳಗೆ ಒಯ್ಯುವ ಪ್ರಶ್ನೆಯೇ ಇಲ್ಲ. ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿ, ಕೌಂಟರಿನಲ್ಲಿ ಘೋಷಿಸಿ, ಗುಂಡು ತೆಗೆದು ಖಾಲಿ ಮಾಡಿದ ಬಂದೂಕನ್ನು ಚೆಕ್-ಇನ್ ಸಾಮಾನಿನಲ್ಲಿ ಕೊಡಬೇಕು, ತೋಟಾ ಬೇರೆ ಪ್ಯಾಕ್ ಆಗಿರಬೇಕು. ನಿಜವಾದ ತೊಂದರೆ ಬರುವುದು ಬಂದೂಕು ಒಯ್ಯದವರಿಗೆ. ಅಪ್ಪ ತೋಟಾ ಇಟ್ಟಿದ್ದ ಬ್ಯಾಗನ್ನು ಮಗ ದೆಹಲಿಗೆ ಒಯ್ಯುತ್ತಾನೆ. ಒಳಜೇಬಿನ ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ತೋಟಾ ಎಕ್ಸ್-ರೇಯಲ್ಲಿ ಕಾಣುತ್ತದೆ. ಬಂದೂಕು ತನ್ನ ಬಳಿ ಇದೆ ಎಂಬ ಅರಿವಿದ್ದರೆ ಮಾತ್ರ ಅದು ಅಪರಾಧದ ಸ್ವಾಧೀನ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಇಂಥ ಒಂಟಿ ತೋಟಾದ ಹಲವು ಕೇಸುಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದ್ದೂ ಇದೆ. ಆದರೆ ಅದು ಎಫ್‌ಐಆರ್ ಆದ ಮೇಲಿನ ಮಾತು. ವಿಮಾನ ತಪ್ಪಿತು, ಸಂದರ್ಶನ ತಪ್ಪಿತು, ತಿಂಗಳುಗಟ್ಟಲೆ ದೆಹಲಿಗೆ ಓಡಾಟ. ಮನೆಯಲ್ಲಿ ಬಂದೂಕಿದ್ದರೆ ಅದರ ಬ್ಯಾಗನ್ನು ಇನ್ನೊಂದಕ್ಕೆ ಬಳಸಲೇಬಾರದು.

ಯಾತ್ರೆ, ಪಂಚಕಲ್ಯಾಣ, ಧರ್ಮಶಾಲೆ

ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಮಾರಂಭಗಳಿಗೆ ಮತ್ತು ಶಾಲಾ ಕಾಲೇಜುಗಳ ಆವರಣಕ್ಕೆ ಬಂದೂಕು ಒಯ್ಯಬಾರದು ಎಂಬುದು ಲೈಸೆನ್ಸಿನ ಷರತ್ತುಗಳಲ್ಲೇ ಇದೆ. ಪಂಚಕಲ್ಯಾಣ, ರಥೋತ್ಸವ, ಮಹಾಮಸ್ತಕಾಭಿಷೇಕ ಎಲ್ಲವೂ ಇದರೊಳಗೆ ಬರುತ್ತವೆ. ಮೈಮೇಲೆ ಬಂಗಾರವಿದೆ, ರಾತ್ರಿ ಪ್ರಯಾಣವಿದೆ ಎಂದು ಒಬ್ಬರು ಯಾತ್ರೆಯ ಬಸ್ಸಿಗೆ ಪಿಸ್ತೂಲು ತಂದರೆ, ತಪಾಸಣೆಯಲ್ಲಿ ನಿಲ್ಲುವುದು ಅವರೊಬ್ಬರಲ್ಲ. ವಯಸ್ಸಾದವರು, ಉಪವಾಸದಲ್ಲಿರುವವರು ಸೇರಿ ಇಡೀ ಬಸ್ಸು. ಬಂಗಾರವನ್ನು ಊರಲ್ಲೇ ಬ್ಯಾಂಕ್ ಲಾಕರಿನಲ್ಲಿಟ್ಟು ಹೊರಡುವುದು ಇದಕ್ಕಿಂತ ಸುಲಭ.

ಕ್ಷೇತ್ರದ ಯಾತ್ರಿ ನಿವಾಸಕ್ಕೆ ತಲುಪಿದ ಮೇಲೆ ಬಂದೂಕನ್ನು ಮ್ಯಾನೇಜರ್ ಕೈಗೆ ಕೊಟ್ಟು "ಲಾಕರಿನಲ್ಲಿಡಿ" ಎನ್ನುವವರೂ ಉಂಟು. ಲೈಸೆನ್ಸ್ ಇಲ್ಲದವರ ವಶಕ್ಕೆ ಬಂದೂಕು ಕೊಡುವುದು 29ನೇ ಕಲಮಿನಂತೆ ಅಪರಾಧ. ಆ ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದ ಇಟ್ಟುಕೊಂಡರೂ ಅವರೂ ಸಿಕ್ಕಿಕೊಳ್ಳುತ್ತಾರೆ. ಶ್ರಾವಕರಿಗೆ ಇದು ಹೊಸ ಪಾಠವೇನಲ್ಲ. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನ ಎಂದು ಕರೆದು ಅನರ್ಥದಂಡಗಳ ಸಾಲಿಗೆ ಸೇರಿಸಿದ್ದಾರೆ.

ಬಂದೂಕು ಇಟ್ಟುಕೊಳ್ಳುವುದೇ ಸರಿಯೇ ಎಂದು ಮನೆಯ ಹಿರಿಯರು ಕೇಳುವುದುಂಟು. ಗೃಹಸ್ಥನು ಪೂರ್ತಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆಯನ್ನು. ತನ್ನನ್ನೂ ಆಶ್ರಿತರನ್ನೂ ಕಾಯುವಾಗ ಅನಿವಾರ್ಯವಾಗಿ ಆಗುವ ವಿರೋಧಿ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು ಎಂಬುದು ಪರಂಪರೆಯಲ್ಲಿ ಬಂದ ವಿವರಣೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಸೇನಾಪತಿಯಾಗಿದ್ದವನೇ. ಕಾನೂನೂ ಹೆಚ್ಚುಕಡಿಮೆ ಇದೇ ಅಳತೆ ಇಟ್ಟುಕೊಂಡಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ, ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡಲು ಬಿಡುವುದಿಲ್ಲ. ಬ್ಯಾಗು ಕಸಿದು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆದು ಆತ್ಮರಕ್ಷಣೆ ಎನ್ನಲು ಬಹಳ ಕಷ್ಟವಿದೆ.

ಬಿಟ್ಟು ಹೋಗುವುದಾದರೆ

ಅಪರೂಪಕ್ಕೆ ಹೊರರಾಜ್ಯಕ್ಕೆ ಹೋಗುವವರಿಗೆಲ್ಲ ಒಳ್ಳೆಯ ದಾರಿ ಬಂದೂಕನ್ನು ಊರಲ್ಲೇ ಬಿಡುವುದು. ಖಾಲಿ ಮನೆಯ ಬೀರುವಿನಲ್ಲಲ್ಲ, ಸೇಫ್ ಕಸ್ಟಡಿಗೆ ಅನುಮತಿ ಇರುವ ಬಂದೂಕು ಡೀಲರ್ ಬಳಿ. ಬಂದೂಕಿನ ನಂಬರ್, ತೋಟಾಗಳ ಸಂಖ್ಯೆ ಬರೆದ ರಸೀದಿ ಪಡೆಯಬೇಕು. ಒಡವೆ ಸಾಗಿಸುವ ವ್ಯಾಪಾರಿಗಳಿಗೆ ಜ್ಯುವೆಲರ್ಸ್ ಬ್ಲಾಕ್ ವಿಮೆ, ವಿಮೆ ಸಹಿತ ಸಾಗಣೆ ಸೇವೆ, ಪರವಾನಗಿ ಪಡೆದ ಭದ್ರತಾ ಸಂಸ್ಥೆಗಳು ಇವೆ. ಪಿಸ್ತೂಲು ಕಳೆದುಹೋದ ಮಾಲನ್ನು ತಂದುಕೊಡುವುದಿಲ್ಲ, ವಿಮೆ ಅದರ ಬೆಲೆಯನ್ನಾದರೂ ಕೊಡುತ್ತದೆ.

ಚುನಾವಣೆಯ ಹೊತ್ತು ಇನ್ನೊಂದು ತೊಡಕು. ನೀತಿ ಸಂಹಿತೆ ಜಾರಿಯಾದಾಗ ಬಂದೂಕುಗಳನ್ನು ಠಾಣೆಯಲ್ಲಿ ಒಪ್ಪಿಸಲು ಆದೇಶ ಬರುವುದು ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ ಚುನಾವಣೆ ಇಲ್ಲದಿದ್ದರೂ ಮಹಾರಾಷ್ಟ್ರದಲ್ಲೋ ಕೇರಳದಲ್ಲೋ ಇರಬಹುದು ಎಂಬುದು ಗಮನಕ್ಕೆ ಬರುವುದಿಲ್ಲ. ಆ ದಿನಗಳಲ್ಲಿ ಗಡಿಯ ಚೆಕ್‌ಪೋಸ್ಟುಗಳಲ್ಲಿ ನಗದು, ಬಂಗಾರದ ಜೊತೆಗೆ ಹುಡುಕುವುದು ಇದನ್ನೇ. ಪ್ರದೇಶ ವಿಸ್ತರಣೆ ಇದ್ದವರೂ ಅಲ್ಲಿನ ಜಿಲ್ಲಾಡಳಿತದ ಆದೇಶ ವಿಚಾರಿಸದೆ ಹೊರಡಬಾರದು.

ಗಡಿಯಾಚೆ ತೀರಿಕೊಂಡ ಹಿರಿಯರ ಬಂದೂಕಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಸಾಂಗ್ಲಿಯಲ್ಲಿದ್ದ ಅಜ್ಜ ತೀರಿಕೊಂಡರು, ಹದಿಮೂರನೆಯ ದಿನದ ಕಾರ್ಯ ಮುಗಿಸಿ ಬರುವಾಗ ಮೊಮ್ಮಗ ನೆನಪಿಗೆಂದು ಅವರ ಬಂದೂಕನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅಥಣಿಗೆ ಬಂದ ಎಂದಿಟ್ಟುಕೊಳ್ಳಿ. ಅಜ್ಜನ ಲೈಸೆನ್ಸ್ ಅಜ್ಜನದು, ಅದು ಆಸ್ತಿಯಂತೆ ವಾರಸುದಾರರಿಗೆ ಬರುವುದಿಲ್ಲ. ಮನೆಯವರು ಬಂದೂಕನ್ನು ತಡಮಾಡದೆ ಅಲ್ಲಿಯ ಠಾಣೆಯಲ್ಲಿ ಅಥವಾ ಡೀಲರ್ ಬಳಿ ಒಪ್ಪಿಸಿ ರಸೀದಿ ಪಡೆಯಬೇಕು. 21 ವರ್ಷ ತುಂಬಿದ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸಿಗೆ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೆಯೇ ತರಬೇಕು. ಯಾರಿಗೂ ಬೇಡವಾದರೆ ಡೀಲರ್ ಮೂಲಕ ಮಾರಬಹುದು.

ಪ್ರಯಾಣದಲ್ಲಿ ಬಂದೂಕು ಅಥವಾ ತೋಟಾ ಕಳೆದುಹೋದರೆ ಊರಿಗೆ ಮರಳುವವರೆಗೆ ಕಾಯಬಾರದು. ಕಳೆದ ಜಾಗದ ಹತ್ತಿರದ ಠಾಣೆಯಲ್ಲಿ ಕೂಡಲೇ ದೂರು ಕೊಟ್ಟು, ಅದರ ಪ್ರತಿಯನ್ನು ಲೈಸೆನ್ಸ್ ಕೊಟ್ಟ ಕಚೇರಿಗೆ ಕಳಿಸಬೇಕು. ಬಂದೂಕಿನ ನಂಬರ್, ಲೈಸೆನ್ಸ್ ನಂಬರ್, ಯುಐಎನ್ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಒಬ್ಬರ ಬಳಿ ಇಟ್ಟಿದ್ದರೆ ಆ ಹೊತ್ತಿಗೆ ಫೋನ್ ಮಾಡಿ ಕೇಳಬಹುದು.